ಮೊದಲ ಹಿಡಿ ಜೋಳದ ಹೆಸರು

ತಗಡಿನ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಹಳಸಿದ ಮಜ್ಜಿಗೆಯಂಥ ಹುಳಿ ವಾಸನೆ ಮೂಗಿಗೆ ಬಡಿಯಿತು. ಫಿಲ್ಮು ಕೆಟ್ಟರೆ ಹೀಗೇ ನಾರುತ್ತದಂತೆ. ಟಿವಿಯ ಕಳೆದುಹೋದ ಹಳೆಯ ಚಿತ್ರಗಳನ್ನು ಹುಡುಕಿ ಉಳಿಸುವ ಹುಡುಗಿಯೊಬ್ಬಳು ಹೋದ ತಿಂಗಳು ಅದನ್ನು ನಮ್ಮ ಮನೆಗೆ ತಂದಿದ್ದಳು. ಡಬ್ಬಿಯ ಚೀಟಿಯಲ್ಲಿ ನಮ್ಮೂರು ಮನೋಳಿಯ ಹೆಸರಿತ್ತು. ಅದು ನಮ್ಮ ಪಕ್ಕದ ಮನೆಯ ಆಯಿಯ ಚಿತ್ರ...

ಎಪ್ಪತ್ತರ ದಶಕದಲ್ಲಿ ನಾನು ಮನೋಳಿಗೆ ಸೊಸೆಯಾಗಿ ಬಂದಾಗ ಆಯಿಗೆ ಅರವತ್ತು ದಾಟಿತ್ತು. ಬೀಸುಕಲ್ಲಿಗೆ ಮೊದಲ ಹಿಡಿ ಜೋಳ ಹಾಕುವಾಗ ಹಾಡು ಕಲಿಸಿದವಳ ಹೆಸರು ಹೇಳಬೇಕು, ಆಮೇಲೇ ಹಾಡು. ಇದು ಆಯಿಯ ಕಟ್ಟಪ್ಪಣೆ. ಅವಳಿಗೆ ಕಲಿಸಿದ್ದು ಅವಳ ತಾಯಿ. ನಾನೊಮ್ಮೆ ಮರೆತದ್ದಕ್ಕೆ ಕಲ್ಲಿನ ಗೂಟ ಹಿಡಿದು ನಿಲ್ಲಿಸಿ, ಹಾಕಿದ ಜೋಳ ತೆಗೆಸಿದ್ದಳು. ಮುಂಬಯಿಯಿಂದ ಟಿವಿಯವರು ಬಂದು ಚಿತ್ರ ತೆಗೆದಾಗಲೂ ತಾಯಿಯ ಹೆಸರು ಹೇಳಿಯೇ ಹಾಡಿದಳು. ಆಗ ನಮ್ಮ ಓಣಿಯಲ್ಲಿ ಟಿವಿ ಕಂಡವರೇ ಇರಲಿಲ್ಲ.

ಟಿವಿಯವರಿಗೆ ದಾರಿ ತೋರಿಸಲು ಬಂದಿದ್ದ ಸವದತ್ತಿಯ ಅಂಗಡಿಯವನು ಆ ಹಾಡನ್ನು ತನ್ನ ಟೇಪಿಗೂ ಇಳಿಸಿಕೊಂಡಿದ್ದ. ಯಾರನ್ನೂ ಕೇಳದೆ ಕ್ಯಾಸೆಟ್ಟು ಮಾಡಿ ಮಾರತೊಡಗಿದ. ಹೆಸರು ಹೇಳುವ ಮೊದಲ ಭಾಗ ಕತ್ತರಿಸಿದ್ದ. ಮೇಲೆ ತನ್ನ ಅಂಗಡಿಯ ಹೆಸರು ಹಾಕಿದ್ದ. ಬೈಲಹೊಂಗಲದ ಮದುವೆಯೊಂದರಲ್ಲಿ ಅರಿಷಿಣ ಬೀಸುತ್ತ ಆಯಿ ಹಾಡಿದರೆ, ಮುದುಕಿ ಕ್ಯಾಸೆಟ್ಟು ಕೇಳಿ ಬಲು ಚಂದ ಕಲಿತಿದ್ದಾಳೆ ಎಂದು ಬೀಗರು ಹೊಗಳಿದರು! ಇದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಲೇಸಿತ್ತು.

ಮರುದಿನವೇ ನನ್ನನ್ನು ಕರೆದುಕೊಂಡು ಸವದತ್ತಿಯ ಬಸ್ಸು ಹತ್ತಿದಳು. ಅಂಗಡಿಯವನು ಕೂರಿಸಿ ಚಹಾ ತರಿಸಿದ. ಅವಳು ಮುಟ್ಟಲಿಲ್ಲ.

“ಹಾಡು ಎಲ್ಲಾರದು ಆಯಿ. ಹೆಸರ್ಲೆ ಏನ ಆಗೂದೈತಿ?” ಎಂದ.

“ಎಲ್ಲಾರದಾದ್ರ ಇದರ ಮ್ಯಾಲ ನಿನ್ನ ಅಂಗಡಿ ಹೆಸರ್ಯಾಕ ಐತಿ, ತಮ್ಮಾ? ಹಾಡು ಬೇಕಾದ್ರ ಇಟ್ಕೊ. ನಮ್ಮವ್ವನ ಹೆಸರು ತಿರುಗಿ ಹಾಕು.”

ಅವನು ಹಾಕಲಿಲ್ಲ. ಆಯಿಯೂ ಬಿಡಲಿಲ್ಲ. ಚಹಾದಂಗಡಿಯಿರಲಿ, ಮದುವೆಯ ಹಂದರವಿರಲಿ, ಆ ಕ್ಯಾಸೆಟ್ಟು ಹಾಕಿದಲ್ಲೆಲ್ಲ ಎದ್ದು ನಿಂತು ಗಟ್ಟಿಯಾಗಿ ತಾಯಿಯ ಹೆಸರು ಕೂಗುತ್ತಿದ್ದಳು. ಜನ ನಗುತ್ತಿದ್ದರು. ಮೊದಮೊದಲು ನನಗೂ ನಾಚಿಕೆಯಾಗುತ್ತಿತ್ತು... ಆಮೇಲೆ ನಾನೂ ಜೊತೆಗೆ ಎದ್ದು ನಿಲ್ಲತೊಡಗಿದೆ. ಸಾಯುವವರೆಗೂ ಅವಳು ಆ ಹಟ ಬಿಡಲಿಲ್ಲ.

ಡಬ್ಬಿ ತಂದ ಹುಡುಗಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಚಿತ್ರ ತೋರಿಸಿದಳು. ದನಿಯ ಟೇಪು ಬೇರೆಯೇ ಇತ್ತಂತೆ, ಅದು ಸಿಕ್ಕಿಲ್ಲ. ಉಳಿದಿರುವುದು ಹೆಸರಿನ ಭಾಗವಿಲ್ಲದ ಆ ಕಳ್ಳ ಕ್ಯಾಸೆಟ್ಟಿನ ದನಿ ಮಾತ್ರ. ಅದಕ್ಕೆ ಹೊಂದುವಂತೆ ಚಿತ್ರದ ಮೊದಲ ತುಣುಕು ತೆಗೆಯಲೇ ಎಂದು ಕೇಳಿದಳು, ಪಾಪ, ಒಳ್ಳೆಯ ಮನಸ್ಸಿನಿಂದಲೇ.

“ತೆಗೀಬ್ಯಾಡವ್ವಾ,” ಎಂದೆ. “ಒಮ್ಮೆ ಕತ್ತರಿಸಿದ್ದು ಸಾಕು.”

ಚಿತ್ರದಲ್ಲಿ ಆಯಿ ಮೊದಲ ಹಿಡಿ ಜೋಳ ಹಾಕಿದಳು. ತುಟಿ ಅಲುಗಿತು, ಸದ್ದಿಲ್ಲ. ಅವಳ ಬಾಯಿಂದ ಅವಳ ತಾಯಿಯ ಹೆಸರನ್ನು ಇನ್ನು ಯಾರೂ ಕೇಳಲಾರರು... ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಗಟ್ಟಿಯಾಗಿ ಹೇಳಿದೆ: ಗುರವ್ವ. ಮೊದಲು ಇದನ್ನು ಬರೆದುಕೋ, ಹಾಡು ಆಮೇಲೆ ಎಂದೆ.