ತೀರಿಕೊಂಡವರ ಬೈಕು

ನನ್ನ ಗಂಡ ತೀರಿಕೊಂಡ ಮೇಲೆ ಅವರ ಬೈಕು ಮನೆಯ ಮುಂದೆ ಹಾಗೇ ನಿಂತಿತ್ತು. ಗೇರಿನ ಗಾಡಿ, ನನಗೆ ಓಡಿಸಲು ಬರದು. ನಾನು ಶಹಾಪುರದಿಂದ ಸುರಪುರ ರಸ್ತೆಯ ಒಂದು ಹಳ್ಳಿಗೆ, ಅಲ್ಲಿನ ಆರೋಗ್ಯ ಉಪಕೇಂದ್ರಕ್ಕೆ, ನರ್ಸ್ ಕೆಲಸಕ್ಕೆ ಹೋಗುವವಳು. ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಗುತ್ತದೆ, ಅಲ್ಲಿಂದ ಹತ್ತಿ ಹೊಲಗಳ ನಡುವೆ ನಡೆಯಬೇಕು. ಅವರಿದ್ದಾಗ ಕೇಂದ್ರದ ಬಾಗಿಲಿಗೇ ಬಿಟ್ಟು, ಆಮೇಲೆ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಈಗ ಚುಚ್ಚುಮದ್ದಿನ ದಿನ ನಾನು ಬೆವರು ಒರೆಸಿಕೊಳ್ಳುತ್ತ ಮುಟ್ಟುವಷ್ಟರಲ್ಲಿ ತಾಯಂದಿರು ಕಾದು ಸಾಕಾಗಿ, ಕೂಸುಗಳನ್ನು ಎತ್ತಿಕೊಂಡು ಕೂಲಿಗೆ ಹೋಗಿಬಿಟ್ಟಿರುತ್ತಿದ್ದರು. ಮೇಲಿನವರು ಮೊದಲು ಸುಮ್ಮನಿದ್ದರು, ಆಮೇಲೆ ಬರೆದು ಕೇಳಿದರು. ಬೈಕು ಮಾರಿ ಒಂದು ಹಳೆಯ ಸ್ಕೂಟಿ ತೆಗೆದುಕೊಳ್ಳದಿದ್ದರೆ ಕೆಲಸ ಕೈಬಿಟ್ಟು ಹೋಗುವುದು ಖಂಡಿತವಿತ್ತು.

ಆ ದಿನಗಳಲ್ಲಿ ನನಗೆ ಅಳು ಬರುತ್ತಿರಲಿಲ್ಲ. ಬಂದವರೆಲ್ಲ ಅದನ್ನು ಧೈರ್ಯ ಅಂದರು. ಧೈರ್ಯವೂ ಅಲ್ಲ, ಮಣ್ಣೂ ಅಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದರೆ ದವಡೆ ಹೇಗೆ ಜೋಮು ಹಿಡಿಯುತ್ತದೋ, ನಾನು ಇಡಿಯಾಗಿ ಹಾಗಾಗಿದ್ದೆ.

ಮೊಬೈಲಿನಲ್ಲಿ ಜಾಹೀರಾತು ಹಾಕಿದರೆ ಗಾಡಿ ಬೇಗ ಹೋಗುತ್ತದೆ ಎಂದು ಜೊತೆಯವರು ಹೇಳಿಕೊಟ್ಟರು. ಫೋಟೋ ತೆಗೆದೆ, ಮಾಡೆಲ್ ಬರೆದೆ. ಬೆಲೆಯ ಖಾನೆ ಬಂದಾಗ ಪಕ್ಕದಲ್ಲಿ ಕೂತಿದ್ದ ಮಾವನವರು ಕೈ ಅಡ್ಡ ಹಿಡಿದರು. ಅವರು ಜೀವಮಾನವೆಲ್ಲ ಸಂತೆಯಲ್ಲಿ ಎತ್ತಿನ ದಲ್ಲಾಳಿ. ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಡುವವ, ಕೊಳ್ಳುವವ ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಒಂದಕ್ಷರ ತಿಳಿಯುವುದಿಲ್ಲ.

“ಬೆಲಿ ಊರಿಗೆಲ್ಲಾ ಡಂಗುರ ಹೊಡೀತಾರೇನ ಯವ್ವಾ? ಖಾಲಿ ಬಿಡು,” ಅಂದರು.

“ಖಾಲಿ ಬಿಟ್ರ ಮುಂದ ಹೋಗವಲ್ದು ಮಾಮಾ.”

“ಹಂಗಾರ ಒಂದ್ ರೂಪಾಯಿ ಅಂತ ಹಾಕು. ವ್ಯಾಪಾರ ತಿಳದವ ಮನಿಗಿ ಬಂದು ಕೈ ಹಿಡೀತಾನ.”

ವಾದ ಮಾಡುವ ಶಕ್ತಿ ನನಗಿರಲಿಲ್ಲ. ಹಾಕಿದೆ. ಅಲ್ಲಿಂದ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಕೆಲವರು ನಕ್ಕರು, ಕೆಲವರು ಬೈದರು, ಕೆಲವರು ಉದ್ರಿ ಕೊಡ್ತೀರೇನು ಅಂತ ಕೇಳಿದರು. ಗುರುಮಠಕಲ್ ಕಡೆಯ ಒಬ್ಬ ಬಸ್ಸು ಹತ್ತಿ ಬಂದೇಬಿಟ್ಟ. ಹೊಸ್ತಿಲ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟು ಕೀಲಿಕೈ ಕೇಳಿದ. ಇಷ್ಟಕ್ಕೆ ಕೊಡುವುದಿಲ್ಲ ಅಂದಾಗ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ನಮ್ಮ ಮನೆತನದ ಮಾನ ಹರಾಜು ಹಾಕಿದ. ಮಾವನವರು ಅವನಿಗೆ ಚಹಾ ಕುಡಿಸಿ, ಬಸ್ಸಿನ ಟಿಕೇಟಿಗೆ ದುಡ್ಡು ಕೊಟ್ಟು ಕಳಿಸಿದರು. ಮರುದಿನ ಅವರಿಗೆ ಹೇಳದೆ ನಾನು ಸರಿಯಾದ ಬೆಲೆ ಹಾಕಿದೆ.

ಆಮೇಲೆ ಖರೇ ಗಿರಾಕಿಗಳು ಶುರುವಾದರು. ಅವರ ಮೊದಲ ಪ್ರಶ್ನೆ, ಗಾಡಿ ಯಾರ ಹೆಸರಿನಲ್ಲಿದೆ ಎಂಬುದು.

ನಮ್ಮಲ್ಲಿ ಗಂಡನ ಹೆಸರು ಹಿಡಿದು ಹೇಳುವುದಿಲ್ಲ. ಮದುವೆಯಲ್ಲಿ ಹೆಂಗಸರೆಲ್ಲ ಬೆನ್ನು ಬಿದ್ದಾಗ ಒಡಪು ಕಟ್ಟಿ, ಪ್ರಾಸದ ಸಾಲಿನಲ್ಲಿ ಸೇರಿಸಿ ಒಮ್ಮೆ ಹೇಳಿದ್ದೇ ಬಂತು. ದವಾಖಾನೆಯಲ್ಲಿ, ಬ್ಯಾಂಕಿನಲ್ಲಿ ಬರೆದು ತೋರಿಸುತ್ತಿದ್ದೆ. ಜಿಲ್ಲೆಯ ಅರ್ಧ ಹೆಂಗಸರ ಹೆಸರು ಹಿಡಿದು ಕೂಗಿ ಸೂಜಿ ಹಾಕುವ ನರ್ಸಿಗೆ ತನ್ನ ಗಂಡನ ಹೆಸರು ಬಾಯಿಗೆ ಬರುವುದಿಲ್ಲ ಅಂದರೆ ನಗುತ್ತೀರಿ. ನಗಿರಿ. ಬರುವುದಿಲ್ಲ.

“ನಮ್ಮ ಮನಿಯವರ ಹೆಸರಿಲೆ ಐತ್ರಿ,” ಅನ್ನುತ್ತಿದ್ದೆ.

“ಅವರ ಕೈಯಾಗ ಫೋನ್ ಕೊಡ್ರಿ.”

“ತೀರಿಕೊಂಡಾರ್ರಿ.”

“ಗಾಡಿ ಮ್ಯಾಲೆ ಹೋದ್ರೇನ್ರಿ?”

“ಇಲ್ರಿ. ಮನಿಯಾಗ, ಎದಿ ನೋವು ಬಂದು.”

“ಹಂಗೇನ್ರಿ. ನೋಡಿ ಹೇಳ್ತೀನ್ರಿ.”

ಯಾರೂ ನೋಡಲಿಲ್ಲ, ಯಾರೂ ಹೇಳಲಿಲ್ಲ. ಬಂಧುಗಳಿಗೆ ಸಾವಿನ ಸುದ್ದಿ ಮುಟ್ಟಿಸಿದವರು ಮಾವನವರು. ನನ್ನ ಬಾಯಿಂದ ಆ ಮಾತು ಬಂದಿರಲಿಲ್ಲ. ಈಗ ಬಸ್ಸಿನಲ್ಲಿ ಜೋತು ನಿಂತು ಹೇಳಿದೆ, ಬೇಳೆ ಕುದಿಯುವಾಗ ಹೇಳಿದೆ, ಅಳುವ ಕೂಸಿನ ತೊಡೆ ಹಿಡಿದುಕೊಂಡು ಭುಜ ಕಿವಿಗಳ ನಡುವೆ ಫೋನು ಸಿಕ್ಕಿಸಿ ಹೇಳಿದೆ. ಬರಬರುತ್ತ ಅದು ಗಾಡಿ ಎಷ್ಟು ಮೈಲೇಜು ಕೊಡುತ್ತದೆ ಎಂದು ಹೇಳಿದಷ್ಟೇ ಸಲೀಸಾಯಿತು. ಒಬ್ಬ ಎಲ್ಲ ಕೇಳಿಕೊಂಡು, ಮನೆಯಲ್ಲಿ ನೀವು ಒಬ್ಬರೇ ಇರ್ತೀರೇನು ಅಂತ ಸಂದೇಶ ಕಳಿಸಿದ. ಅವನ ನಂಬರು ಬ್ಲಾಕ್ ಮಾಡಿ ರೊಟ್ಟಿ ಬಡಿಯಲು ಕೂತೆ.

ಮುದನಾಳದಿಂದ ಒಬ್ಬ ಹುಡುಗ ಬಂದು, ಬೈಕನ್ನು ದೂರದವರೆಗೆ ಓಡಿಸಿ ನಗುತ್ತ ತಿರುಗಿ ಬಂದ. ಗಾಡಿ ಮನಸ್ಸಿಗೆ ಹಿಡಿಸಿತ್ತು. ಸಂಭ್ರಮದಲ್ಲಿ ತನ್ನ ತಾಯಿಗೆ ಫೋನು ಹಚ್ಚಿ, ಅದು ಯಾರ ಗಾಡಿ ಎಂಬುದನ್ನೂ ಹೇಳಿದ. ಆಕೆಯ ದನಿ ನನ್ನವರೆಗೂ ಕೇಳಿಸಿತು.

“ಸತ್ತವರ ಗಾಡಿ ಮನಿಗಿ ತಂದಿ ಅಂದ್ರ ನೋಡು ಮತ್ತ!”

ಅವನು ಕೀಲಿಕೈಯನ್ನು ಎರಡೂ ಕೈಯಿಂದ ನನಗೆ ಕೊಟ್ಟು, ತಲೆ ಬಗ್ಗಿಸಿ ಹೋದ. ಬೈಕಿಗೇ ರೋಗ ಹತ್ತಿದೆ, ಅದನ್ನು ಅಂಟಿಸಿದವಳು ನಾನು ಎಂಬಂತೆ ಅನ್ನಿಸಿತು. ಆಕೆಯ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೀಲಿಕೈಯನ್ನು ಮೊಳೆಗೆ ತೂಗುಹಾಕಿದೆ.

ಇತ್ತ ಸ್ಕೂಟಿ ಹುಡುಕುವ ಕೆಲಸವೂ ನಡೆದಿತ್ತು. ಯಾದಗಿರಿಯಲ್ಲಿ ಒಂದು ಸ್ಕೂಟಿ ಫೋಟೋದಲ್ಲಿ ಮದುಮಗಳ ಹಾಗೆ ಹೊಳೆಯುತ್ತಿತ್ತು. ರಜೆ ಹಾಕಿ ಹೋಗಿ ನೋಡಿದರೆ ಸೀಟಿನೊಳಗಿನ ಸ್ಪಂಜು ಹೊರಗೆ ಬಂದಿದೆ, ಕಿಕ್ ಹೊಡೆದರೆ ಕೆಮ್ಮುತ್ತದೆ. ಇದೇನ್ರಿ ಅಂದರೆ ಮಾಲೀಕ, “ಫೋಟೋ ಹಳೇದ್ರಿ,” ಅಂದ. ತಪ್ಪು ನನ್ನದೇ ಎಂಬ ಮುಖ ಮಾಡಿದ್ದ. ಬಂದ ಬಸ್ಸಿಗೇ ತಿರುಗಿ ಬಂದೆ.

ಕಡೆಗೆ ಯಾದಗಿರಿಯಿಂದಲೇ ಒಬ್ಬ ಗಿರಾಕಿ ಬಂದ. ಇಸ್ತ್ರಿ ಅಂಗಿ, ಮೆತ್ತನೆ ಮಾತು. ಮಾಲೀಕರು ತೀರಿಕೊಂಡಿದ್ದಾರೆ ಅಂದರೆ, “ಇರಲಿ ಬಿಡ್ರಿ ಅಕ್ಕಾರ, ಗಾಡಿಗಿ ಏನ್ ಗೊತ್ತೈತ್ರಿ,” ಅಂದ. ಆ ಒಂದು ಮಾತಿಗೆ ನಾನು ಅವನಿಗೆ ಬೈಕನ್ನು ಪುಕ್ಕಟೆ ಕೊಟ್ಟೇನೋ ಎಂಬಷ್ಟು ಹಗುರಾದೆ. ಮಾವನವರ ಮುಂದೆ ಕೂತು, ಅವರ ಹೆಗಲ ಮೇಲಿನ ಟವೆಲ್ ತಾನೇ ಎಳೆದು ಇಬ್ಬರ ಕೈ ಮೇಲೆ ಮುಚ್ಚಿದ.

“ನಮ್ಮಜ್ಜನೂ ಎತ್ತಿನ ವ್ಯಾಪಾರ ಮಾಡ್ತಿದ್ದ್ರಿ.”

ಟವೆಲ್ಲಿನ ಕೆಳಗೆ ಬೆರಳುಗಳು ಆಡಿದವು. ಮಗ ಹೋದ ಮೇಲೆ ಮಾವನವರ ಮುಖದಲ್ಲಿ ಕಳೆ ಬಂದದ್ದನ್ನು ನಾನು ಅವತ್ತೇ ನೋಡಿದ್ದು. ವ್ಯಾಪಾರ ಮುಗಿಯಿತು. ನಮ್ಮ ಮನೆಯವರ ಹೆಸರಿನ ಆರ್‌ಸಿ, ಅವರ ಮರಣದ ಸರ್ಟಿಫಿಕೇಟು, ನಾನೇ ವಾರಸುದಾರಳು ಎಂಬ ಕಾಗದ, ನನ್ನ ಸಹಿ, ಎಲ್ಲ ಕೊಟ್ಟೆ. ಹೆಣ್ಣುಮಕ್ಕಳು ನೀವ್ಯಾಕೆ ಆಫೀಸಿಗೆ ಅಡ್ಡಾಡುತ್ತೀರಿ, ಹೆಸರು ಬದಲಾವಣೆ ನಾನೇ ಮಾಡಿಸಿಕೊಳ್ಳುತ್ತೇನೆ ಅಂದ. ಬೈಕು ಓಣಿ ದಾಟಿ ಹೋಯಿತು.

“ಮನಷ್ಯಾ ಖರೇ ಅದಾನ. ಕೈ ಹಿಡದ್ರ ನನಗ ತಿಳೀತೈತಿ,” ಅಂದರು ಮಾವನವರು. ನಾನು ಒಳಗೆ ಹೋಗಿ ಪಾತ್ರೆ ತಿಕ್ಕಿದೆ.

ದಿನಗಳು ಹೋದವು. ಹೆಸರು ಬದಲಾಯಿತೇ ಎಂದು ಕೇಳಿದರೆ ಅವನು ನಾಳೆ ಅಂದ, ಅಮಾವಾಸ್ಯೆ ಆಗಲಿ ಅಂದ, ಆಮೇಲೆ ನನ್ನ ಫೋನನ್ನೇ ಎತ್ತಲಿಲ್ಲ. ಒಂದು ಮಧ್ಯಾಹ್ನ ಉಪಕೇಂದ್ರದಲ್ಲಿ ಕೂತು ಸ್ಕೂಟಿ ಹುಡುಕುತ್ತಿದ್ದಾಗ ನಮ್ಮ ಬೈಕೇ ಎದುರಿಗೆ ಬಂತು. ನಂಬರ್ ಪ್ಲೇಟಿನ ಮೇಲೆ ಬಟ್ಟೆ ಹಾಕಿದ್ದರು. ಆದರೆ ರಾಮಸಮುದ್ರದ ಹತ್ತಿರ ಎಮ್ಮೆ ಅಡ್ಡ ಬಂದಾಗ ಬಾಗಿದ್ದ ಲೆಗ್‌ಗಾರ್ಡ್ ನನಗೆ ಗುರುತು ಸಿಗದೆ ಇರುತ್ತದೆಯೇ? ಕೆಳಗೆ ಬರೆದಿತ್ತು: ಒಂದೇ ಕೈಯಲ್ಲಿ ಓಡಿದ ಗಾಡಿ, ಮಾಲೀಕರೇ ಮಾರುತ್ತಿದ್ದಾರೆ, ದಲ್ಲಾಳಿಗಳು ಫೋನು ಮಾಡಬೇಡಿ.

ಕೇಂದ್ರದ ಫೋನಿನಿಂದ ಹಚ್ಚಿದೆ. ಅದೇ ಮೆತ್ತನೆ ದನಿ. ನನ್ನ ಗುರುತು ಅವನಿಗೆ ಸಿಗಲಿಲ್ಲ. ಕಾಗದ ಬದಲಾಗದೆ ಗಾಡಿ ಯಾರಿಗಾದರೂ ಬಡಿದರೆ ಪೊಲೀಸರು ನಮ್ಮ ಬಾಗಿಲಿಗೆ ಬರುತ್ತಾರೆ, ಇವತ್ತು ಇವನ ಜಾತಕ ಜಾಲಾಡಿಸಿಬಿಡಬೇಕು ಅಂತ ಮಾತು ಕೂಡಿಸಿಕೊಂಡಿದ್ದೆ. ಮೊದಲು ಅವನ ಬಾಯಿಂದಲೇ ಬರಲಿ ಎಂದು ಕೇಳಿದೆ.

“ಗಾಡಿ ಯಾರ ಹೆಸರಿಲೆ ಐತ್ರಿ?”

“ನನ್ನ ಹೆಸರಿಲೇ ಐತ್ರಿ. ಹೊಸಾದಿದ್ದಾಗಿಂದ ನಾನೇ ಓಡ್ಸಾಕತ್ತೀನಿ.”

“ನಿಮ್ಮ ಹೆಸರೇನ್ರಿ?”

ಅವನು ನನ್ನ ಗಂಡನ ಹೆಸರು ಹೇಳಿದ. ತಂದೆಯ ಹೆಸರು, ಅಡ್ಡಹೆಸರು ಸಮೇತ, ಆರ್‌ಸಿಯಲ್ಲಿ ಇದ್ದ ಹಾಗೆ, ಒಂದೇ ಉಸಿರಿಗೆ ಹೇಳಿದ.

ಅವನ ಲೆಕ್ಕಾಚಾರ ತಿಳಿಯುವುದು ಕಷ್ಟವಿರಲಿಲ್ಲ. ತೀರಿಕೊಂಡವರ ಗಾಡಿಯನ್ನು ಯಾರೂ ಕೊಳ್ಳುವುದಿಲ್ಲ, ಅದಕ್ಕೆ ಮರಣದ ಕಾಗದ ಬದಿಗಿಟ್ಟು ಅವರನ್ನು ಬದುಕಿಸಿಬಿಟ್ಟಿದ್ದ. ನಾನು ಊರೂರಿನವರಿಗೆ ಹೋದರು, ಹೋದರು ಎಂದು ಹೇಳಿದ್ದೆ. ಇವನು ಕೇಳಿದವರಿಗೆಲ್ಲ ಇದ್ದೀನಿ ಅನ್ನುತ್ತಿದ್ದ.

“ಹಲೋ? ಅದೀರೇನ್ರಿ?” ಅಂದ.

“ಈಗ ಎಲ್ಲಿ ಅದೀರಿ?” ಅಂದೆ.

“ಯಾದಗಿರಿಯಾಗ ಅದೀನ್ರಿ. ಬರ್ತೀರೇನ್ರಿ, ನೋಡಕೊಂಡು ಹೋಗ್ರಿ.”

“ಊಟ ಆತೇನ್ರಿ?”

ಅವನಿಗೆ ಸ್ವಲ್ಪ ಆಶ್ಚರ್ಯವಾಗಿರಬೇಕು. ಆದರೂ, “ಇಲ್ರಿ, ಇನ್ನ ಮ್ಯಾಲೆ,” ಅಂದ.

“ಇಷ್ಟೊತ್ತಾದ್ರೂ ಉಂಡಿಲ್ಲೇನು? ಮೊದಲ ಊಟ ಮಾಡ್ರಿ.”

“ಮಾಡ್ತೀನ್ರಿ,” ಅಂದ.

ದೂರು ಕೊಡಬೇಕಿತ್ತು, ಆಮೇಲೆ ಕೊಟ್ಟೆ ಕೂಡ. ಆದರೆ ಆ ಮಧ್ಯಾಹ್ನ ನನಗೆ ಬೇರೇನೂ ಬೇಕಾಗಿರಲಿಲ್ಲ, ಅವನು ಇನ್ನೊಂದಿಷ್ಟು ಹೊತ್ತು ಸುಳ್ಳು ಹೇಳಲಿ ಅಂತ ಫೋನು ಇಡದೆ ಕೂತಿದ್ದೆ.