ಗಾಳಿಗೆ ಬಿಟ್ಟ ಗ್ಯಾಸು

ಮೊನ್ನೆ ಬಸವಕಲ್ಯಾಣದ ಬಟ್ಟೆ ಅಂಗಡಿಯೊಂದರ ಮುಂದೆ ನಿಂತಿದ್ದೆ. ಗೋಡೆಯ ಹಳೆಯ ಎಸಿಯನ್ನು ಯಾರೋ ಬಿಚ್ಚುತ್ತಿದ್ದರು. ಪೈಪಿನಿಂದ ಸುಸ್ಸೆಂದು ಗ್ಯಾಸು ಹೊರಬಿತ್ತು, ಎಣ್ಣೆಯ ಕಮಟು ಮೂಗಿಗೆ ಬಡಿಯಿತು. ನಿಮಗಾದರೆ ಮೂಗು ಮುಚ್ಚಿಕೊಂಡು ಮುಂದೆ ಹೋಗುವಷ್ಟು ಸಣ್ಣ ಸಂಗತಿ. ನನಗೆ ಹುಮನಾಬಾದಿನ ಕಾಶಿನಾಥ ಮಿಸ್ತ್ರಿ ನೆನಪಾದರು.

ಆಗ ನಾನು ಅಲ್ಲಿಯ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ. ಓಝೋನ್ ಪಾಠವೆಂದರೆ ಬಲು ಹುರುಪು. ಬಿಸಿಲಿನ ಕೆಟ್ಟ ಕಿರಣ ತಡೆಯುವ ಪದರವನ್ನು ಬೋರ್ಡಿನ ಮೇಲೆ ಬರೆದು, ಫ್ರಿಜ್, ಎಸಿಗಳ ಗ್ಯಾಸು ಮೇಲೇರಿ ಅದನ್ನು ಸವೆಸುತ್ತದೆಂದು ಹೇಳಿ, ತಪ್ಪನ್ನೆಲ್ಲ ದೂರದ ದೇಶಗಳ ತಲೆಗೆ ಕಟ್ಟಿ ಕೈ ಝಾಡಿಸಿಕೊಳ್ಳುತ್ತಿದ್ದೆ. ಒಂದು ದಿನ ಎಂಟನೆಯ ತರಗತಿಯ ಅಶ್ವಿನಿ ಎದ್ದು ನಿಂತಳು.

"ಸರ್, ಆ ಗ್ಯಾಸ್ ನಮ್ಮಪ್ಪನೂ ಬಿಡ್ತಾನ್ರಿ. ರಿಪೇರಿ ಮಾಡೋ ಮುಂದ."

ತರಗತಿ ನಕ್ಕಿತು. ಅವಳು ನಗಲಿಲ್ಲ.

ಮರುದಿನ ಅವಳಪ್ಪ ಕಾಶಿನಾಥ ಮಿಸ್ತ್ರಿ ಶಾಲೆಗೇ ಬಂದರು. ಮಾಣಿಕನಗರದ ದಾರಿಯಲ್ಲಿ ಫ್ರಿಜ್, ಎಸಿ ರಿಪೇರಿ ಅಂಗಡಿ ಅವರದು. ಜಗಳಕ್ಕೆ ಬಂದರೆಂದುಕೊಂಡೆ.

"ನಿನ್ನಿಲಿಂದ ಪೋರಿ ನನ್ನ ಕೂಡ ಮಾತಾಡವಲ್ಲಳ್ರಿ ಸರ್. ಗ್ಯಾಸ್ ಬಿಡಬಾರದು ಅಂದ್ರ ಎಲ್ಲಿ ಇಡ್ಬೇಕು? ಅದನ್ನರ ಹೇಳ್ರಿ."

ನನಗೆ ಗೊತ್ತಿರಲಿಲ್ಲ. "ನೋಡಿ ಹೇಳ್ತೀನ್ರಿ" ಎಂದೆ, ನೋಡಲಿಲ್ಲ. ನೋಡಿದವರು ಅವರೇ. ಹೈದರಾಬಾದಿಗೆ ಹೋಗಿ, ಗ್ಯಾಸನ್ನು ಎಳೆದು ಸಿಲಿಂಡರಿಗೆ ತುಂಬುವ ಮಷಿನೊಂದನ್ನು ತಂದರು, ನಡೆಸುವುದನ್ನೂ ಕಲಿತು ಬಂದರು. ಕೆಲಸಕ್ಕೆ ಹೊತ್ತು ಹಿಡಿಯತೊಡಗಿತು. ಗಿರಾಕಿಗಳು ಗೊಣಗಿದರು, ಕೆಲವರು ಬೇರೆ ಅಂಗಡಿ ಹಿಡಿದರು. ಮಗಳು ಮಾತ್ರ ಮತ್ತೆ ಅಪ್ಪನ ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋಗುವುದನ್ನು ನೋಡಿದೆ.

ಎರಡು ವರ್ಷಕ್ಕೆ ನನಗೆ ಬಸವಕಲ್ಯಾಣಕ್ಕೆ ವರ್ಗವಾಯಿತು. ಹುಮನಾಬಾದಿನ ಮನೆ ಖಾಲಿ ಮಾಡುವಾಗ ಅಲ್ಲಿಯ ಎಸಿ ಕೆಟ್ಟು ಕೂತಿತ್ತು. ಬಿಚ್ಚಿ ಗುಜರಿಗೆ ಹಾಕಬೇಕಿತ್ತು. ಮಿಸ್ತ್ರಿ ಬಂದರು. ಅವರ ಮಷಿನು ಒಂದೇ ಸಮ ಗುರ್‌ಗುಟ್ಟುತ್ತಿತ್ತು, ಹೊರಗೆ ಸಾಮಾನು ತುಂಬಿದ ಟೆಂಪೊ ಹಾರನ್ ಹೊಡೆಯುತ್ತಿತ್ತು. ನನ್ನ ತಾಳ್ಮೆ ತೀರಿತು.

"ಇನ್ನಾ ಎಷ್ಟೊತ್ತ್ರಿ ಮಿಸ್ತ್ರಿ? ಇಷ್ಟರಿಂದ ಏನಾಗ್ತದ? ಗಾಳಿಗೆ ಬಿಟ್ಟುಬಿಡ್ರಿ."

ಅವರು ಮೀಟರಿನಿಂದ ಕಣ್ಣು ತೆಗೆಯಲಿಲ್ಲ. "ಸರ್, ಈ ಮಾತು ನೀವ ಅಂದ್ರಿ ಅಂತ ಪೋರಿಗೆ ಹ್ಯಾಂಗ ಹೇಳ್ಲಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟಾಗಿ ಪಾರಾಗುತ್ತಿದ್ದೆ. ಟೆಂಪೊದವನಿಗೆ ಚಹಾ ಕುಡಿಸಿ ಬಂದು, ಮಿಸ್ತ್ರಿ ಸಿಲಿಂಡರಿನ ವಾಲ್ವು ತಿರುಗಿಸಿ ಮುಚ್ಚುವವರೆಗೂ ಮೆಟ್ಟಿಲ ಮೇಲೆ ಕೂತೆ.

ಮೊನ್ನೆ ಆ ಬಟ್ಟೆ ಅಂಗಡಿಯಲ್ಲಿ ಏನಾದರೂ ಹೇಳಿದೆನೇ ಎಂದು ನೀವು ಕೇಳಬಹುದು. ಬಾಯಿ ತೆರೆಯುವಷ್ಟರಲ್ಲಿ ಗ್ಯಾಸು ಖಾಲಿಯಾಗಿತ್ತು. ಆದರೆ ಮರುದಿನ ಇಲ್ಲಿಯ ಮಕ್ಕಳಿಗೆ ಓಝೋನ್ ಪಾಠ ಮಾಡುವಾಗ, ಇಷ್ಟು ವರ್ಷ ಯಾರಿಗೂ ಹೇಳದಿದ್ದುದನ್ನು ಹೇಳಿದೆ: ಒಬ್ಬ ಮಿಸ್ತ್ರಿ, ಅವನ ಮಗಳು, ಅವಸರದ ಒಬ್ಬ ಮಾಸ್ತರ.

"ಆ ಮಾಸ್ತರ ಯಾರ್ರಿ ಸರ್?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ನಾನ" ಎಂದೆ.

ಅಲ್ಲಿಂದ ಮುಂದಿನ ಪಾಠ ಸಲೀಸಾಗಿ ನಡೆಯಿತು.