ಐದಡಿ ಎಂದು ಬರೆಸಿದ್ದೆ

ಒಂಬತ್ತನೇ ತಿಂಗಳ ಚೆಕಪ್‌ನಲ್ಲಿ ಡಾಕ್ಟರಮ್ಮ ನನ್ನ ಹೊಟ್ಟೆ ಒತ್ತಿ ನೋಡಿ, "ಮಗುವಿನ ತಲೆ ಇನ್ನೂ ಮೇಲೇ ಇದೆಯಲ್ಲಮ್ಮ, ಇಳಿದೇ ಇಲ್ಲ" ಎಂದರು. ಮೊದಲ ಬಸಿರು. ಆ ಮಾತಿನ ತೂಕ ನನಗೆ ತಿಳಿಯಲಿಲ್ಲ. ಅವರು ನನ್ನ ತಾಯಿ ಕಾರ್ಡ್ ತಿರುವಿದರು. "ಎತ್ತರ ಐದಡಿ ಅಂತ ಇದೆ. ಸರಿಯಾಗಿ ಅಳೆದಿದ್ದಾರಾ?"

ಪಕ್ಕದಲ್ಲೇ ನನ್ನ ಅತ್ತೆ ಕೂತಿದ್ದರು.

"ಹೂಂ ಮೇಡಂ, ಐದಡಿ" ಎಂದೆ.

ನನ್ನ ಎತ್ತರ ನಾಲ್ಕಡಿ ಏಳಿಂಚು. ನನ್ನ ಬಾಯಿಗೆ ಮಣ್ಣು ಹಾಕ.

ಈ ಸುಳ್ಳು ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. ಕವಲಂದೆ ಪಕ್ಕದ ನಮ್ಮೂರಿನಲ್ಲಿ ನನಗೆ ಗಂಡು ಹುಡುಕುವಾಗ ಹುಟ್ಟಿದ್ದು. ಮೂರು ಕಡೆಯವರು ನೋಡಿ, ಹುಡುಗಿ ಕುಳ್ಳಿ ಎಂದು ಎದ್ದು ಹೋಗಿದ್ದರು. ನಾಲ್ಕನೆಯವರಿಗೆ ಕೊಡುವ ಬಯೋಡೇಟಾದಲ್ಲಿ ಅವ್ವ ಐದಡಿ ಎಂದು ಬರೆಸಿದಳು. ಹೆಮ್ಮಿಗೆಯಿಂದ ಅವರು ಬರುವ ಮುಂಚೆಯೇ ನನ್ನನ್ನು ಚಾಪೆಯ ಮೇಲೆ ಕೂರಿಸಿ, "ಅವ್ರು ಓಗೋಗಂಟ ಎದ್ದೀಯಾ ಗಿದ್ದೀಯಾ, ಜ್ವಾಕೆ!" ಅಂದಳು. ಕಾಫಿ ಕೊಟ್ಟಿದ್ದು ನನ್ನ ತಂಗಿ. ನಾನು ಎದ್ದು ನಮಸ್ಕಾರ ಮಾಡಬೇಕಾದಾಗ ಅವ್ವ, "ಅವ್ಳಿಗೆ ಮಂಡಿ ನೋವು" ಅಂದುಬಿಟ್ಟಳು. ಇಪ್ಪತ್ತಮೂರು ವರ್ಷದ ಹುಡುಗಿಗೆ ಮಂಡಿ ನೋವು! ಧಾರೆಯ ದಿನ ನನ್ನ ಕಾಲ ಕೆಳಗೆ ಒಂದರ ಮೇಲೊಂದು ಎರಡು ಮಣೆ. ಗಂಡ ಆರಡಿಗೆ ಎರಡೇ ಇಂಚು ಕಮ್ಮಿ. ಮದುವೆಯಾದ ಮೇಲೆ ಅತ್ತೆಯ ಮನೆಯಲ್ಲಿ ಯಾರೂ ನನ್ನ ಎತ್ತರದ ಸುದ್ದಿ ಎತ್ತಲಿಲ್ಲ. ಬಚಾವಾದೆ ಅಂದುಕೊಂಡೆ.

ಮೂರನೇ ತಿಂಗಳಲ್ಲಿ ಕಾರ್ಡ್ ಮಾಡಿಸುವಾಗ ನರ್ಸ್ ನನ್ನನ್ನು ಗೋಡೆಯ ಅಳತೆಪಟ್ಟಿಗೆ ಬೆನ್ನು ಕೊಟ್ಟು ನಿಲ್ಲಲು ಹೇಳಿದ್ದರು. ಆವತ್ತೂ ಅತ್ತೆ ಜೊತೆಗಿದ್ದರು. ಅವರೆದುರು ಆ ನರ್ಸ್ ಅಳತೆಯನ್ನು ಗಟ್ಟಿಯಾಗಿ ಓದಿದರೆ ನನ್ನ ಗತಿಯೇನು, ನನ್ನ ಅವ್ವನ ಗತಿಯೇನು? "ಹೋದ ವಾರ ತವರಲ್ಲಿ ಅಳೆದ್ರು ಸಿಸ್ಟರ್, ಐದಡಿ ಅಂತೆ" ಎಂದೆ. ಅವರು ನನ್ನ ಮಾತು ನಂಬಿ ಬರೆದುಕೊಂಡರು. ಅವರನ್ನು ಯಾವ ಮುಖ ಇಟ್ಟುಕೊಂಡು ದೂರಲಿ?

ನೋವು ಶುರುವಾದದ್ದು ಬೆಳಗಿನ ಆರಕ್ಕೆ. ನರಸೀಪುರದ ಸಣ್ಣ ನರ್ಸಿಂಗ್ ಹೋಮಿಗೆ ಹೋದೆವು. ಮಧ್ಯಾಹ್ನವಾಯಿತು. ಮೂರು ಗಂಟೆಯಾಯಿತು. ಸೊಂಟ ಸೀಳಿಹೋಗುವಂಥ ನೋವು. ತಲೆ ಮಾತ್ರ ಇಳಿಯಲಿಲ್ಲ. ಡಾಕ್ಟರಮ್ಮ ಇನ್ನೊಂದು ಸಲ ಪರೀಕ್ಷೆ ಮಾಡಿ, ಗ್ಲೌಸ್ ತೆಗೆದು, ನನ್ನ ಮುಖದ ಹತ್ತಿರ ಬಗ್ಗಿದರು.

"ನಿಜ ಹೇಳು. ನಿನ್ನ ಎತ್ತರ ಎಷ್ಟು?"

ಬಾಗಿಲ ಕಡೆ ನೋಡಿದೆ. ಅತ್ತೆ ಹೊರಗಿದ್ದರು. "ನಾಲ್ಕಡಿ ಏಳು" ಎಂದು ಪಿಸುಗುಟ್ಟಿದೆ. ಆ ಹೊತ್ತಿನಲ್ಲೂ ಪಿಸುಗುಟ್ಟಿದೆನಲ್ಲ, ಥೂ.

ಅವರು ಬೈಯಲಿಲ್ಲ. ಅಲ್ಲಿ ಆಪರೇಶನ್‌ಗೆ ಬೇಕಾದ ಡಾಕ್ಟರುಗಳು ಆವತ್ತು ಇರಲಿಲ್ಲ. ಕೂಡಲೇ ಮೈಸೂರಿಗೆ ಆಂಬುಲೆನ್ಸ್ ಮಾಡಿಸಿದರು. ದಾರಿಯಲ್ಲಿ ಜೊತೆಗಿದ್ದ ಸಿಸ್ಟರ್ ಮಗುವಿನ ಹಾರ್ಟ್‌ಬೀಟ್ ನೋಡುತ್ತಾ, ನೋಡುತ್ತಾ, ಮಾತು ನಿಲ್ಲಿಸಿಬಿಟ್ಟರು. ಮೈಸೂರಿನಲ್ಲಿ ಸಿಸೇರಿಯನ್ ಆಯಿತು. ಹೆಣ್ಣುಮಗು.

ಅಳಲಿಲ್ಲ.

ಹನ್ನೊಂದು ದಿನ ಎನ್‌ಐಸಿಯು. ಎರಡನೇ ದಿನ ಫಿಟ್ಸ್ ಬಂತು. ಗಾಜಿನಾಚೆ ನಿಂತು ನನ್ನ ಗಂಡ, "ನಮ್ ಅಣೇಬರ ಕಣಮ್ಮಿ. ಯಾರೇನ್ ಮಾಡಾಕಾಯ್ತದೆ" ಅಂದರು. ಹಣೆಬರಹವಲ್ಲ, ನನ್ನ ಬಾಯಿ ಬರೆಸಿದ್ದು ಎಂದು ಹೇಳಲು ಧೈರ್ಯ ಬರಲಿಲ್ಲ. ಮಗುವಿನ ಮೆದುಳಿಗೆ ಆಕ್ಸಿಜನ್ ಸಾಕಾಗಿಲ್ಲ ಎಂದು ಮಕ್ಕಳ ಡಾಕ್ಟರು ವಿವರಿಸಿದರು. ಅವರೊಬ್ಬರೇ ಸಿಕ್ಕಾಗ ಕೇಳಿದೆ: ಸಾರ್, ನಾನು ಕುಳ್ಳಿ ಆಗಿದ್ದಕ್ಕೇ ಹೀಗಾಯ್ತಾ?

"ಕುಳ್ಳಗಿರೋದು ರೋಗ ಅಲ್ಲಮ್ಮ. ನಿಮ್ಮಷ್ಟೇ ಎತ್ತರ ಇರೋ ಎಷ್ಟೋ ಜನಕ್ಕೆ ನಾರ್ಮಲ್ ಹೆರಿಗೆ ಆಗುತ್ತೆ. ಕೆಲವರಿಗೆ ಮಾತ್ರ ದಾರಿ ಕಿರಿದಾಗಿರುತ್ತೆ. ಎತ್ತರ ಗೊತ್ತಿದ್ರೆ ಎಚ್ಚರವಾಗಿರ್ತಾರೆ, ಮೊದಲೇ ಥಿಯೇಟರ್ ಇರೋ ಕಡೆ ಕಳಿಸ್ತಾರೆ. ಅಷ್ಟೇ."

ಅಷ್ಟೇ ಅಂತೆ. ಈ ಹತ್ತು ತಿಂಗಳಲ್ಲಿ ಆ ಮಾತು ನನ್ನನ್ನು ಒಂದು ದಿನವೂ ಬಿಟ್ಟಿಲ್ಲ. ರಾಗಿ ಮುದ್ದೆ ತಿರುವುವಾಗ, ಬಸ್ಸಿಗೆ ಕಾಯುವಾಗ, ಎಲ್ಲೆಂದರಲ್ಲಿ ಬಂದು ಹಿಂಡುತ್ತದೆ.

ಮಗಳಿಗೆ ಇನ್ನೂ ಕತ್ತು ನಿಂತಿಲ್ಲ. ದಿನಕ್ಕೆರಡು ಸಲ ಫಿಟ್ಸ್ ಔಷಧಿ. ಹಾಲು ನೆತ್ತಿಗೆ ಹತ್ತದ ಹಾಗೆ ಚಮಚದಲ್ಲಿ ಹಾಕಬೇಕು, ಒಂದು ಲೋಟಕ್ಕೆ ಮುಕ್ಕಾಲು ಗಂಟೆ. ವಾರಕ್ಕೆ ಎರಡು ದಿನ ಫಿಸಿಯೋಥೆರಪಿಗೆಂದು ಮೈಸೂರಿನ ಬಸ್ಸು ಹತ್ತುತ್ತೇವೆ. ಗಂಡ ನಂಜನಗೂಡಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುವುದರಿಂದ ಜೊತೆಗೆ ಬರುವುದು ಅತ್ತೆಯೇ. ಬಸ್ಸಿನಲ್ಲಿ ಯಾರಾದರೂ "ಕೂಸು ಯಾಕಿಂಗೈತೆ?" ಅಂದರೆ, "ನಿಮ್ ಕೆಲ್ಸ ನೋಡ್ಕಳ್ರವ್ವ" ಅಂದು ಬಾಯಿ ಮುಚ್ಚಿಸುತ್ತಾರೆ. ಅವರು ನನ್ನ ಪರವಾಗಿ ಜಗಳಕ್ಕೆ ನಿಂತಾಗಲೆಲ್ಲ ನಾನು ಇನ್ನಷ್ಟು ಕುಗ್ಗಿಹೋಗುತ್ತಿದ್ದೆ. ಅವ್ವನೋ ಫೋನಿನಲ್ಲಿ, "ಆಗಿದ್ದಾಯ್ತು, ಈಗ್ ಬಾಯ್ ಬುಟ್ಟೀಯೆ" ಎಂದು ಎಚ್ಚರಿಸುತ್ತಿದ್ದಳು.

ಹೋದ ಭಾನುವಾರ ತಡೆಯಲಾಗಲಿಲ್ಲ. ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು.

"ಅತ್ತೆ, ನಾನು ಐದಡಿ ಇಲ್ಲ. ಬಯೋಡೇಟಾನೂ ಸುಳ್ಳು, ಕಾರ್ಡೂ ಸುಳ್ಳು. ನಿಮಗೆ ಗೊತ್ತಾಗಬಾರದು ಅಂತ ನಾನೇ ಬರೆಸಿದೆ. ಮಗುನ ಹಿಂಗೆ ಮಾಡಿದ್ದು ನಾನೇ."

ಅವರು ತಲೆಯೆತ್ತಲಿಲ್ಲ. ಎಣ್ಣೆ ಕೈ ಮಗುವಿನ ತೊಡೆಯ ಮೇಲೆ ಹಾಗೇ ನಿಂತಿತು.

"ನಂಗೇನ್ ಕಣ್ ಕಾಣಕಿಲ್ವಾ ಮಗ? ನಿನ್ನ ನೋಡಾಕ್ ಬಂದ್ ದಿನಾನೇ ಗೊತ್ತಾಗಿತ್ತು. ಉಡ್ಗಿ ಲಕ್ಷಣವಾಗವ್ಳೆ, ಎತ್ರ ಕಟ್ಕಂಡ್ ಏನಾಗ್ಬೇಕು ಅಂತ ಒಪ್ಕಂಡ್ವಿ."

ಅವರು ಎಣ್ಣೆ ಬಟ್ಟಲಿಗೆ ಮತ್ತೆ ಕೈ ಅದ್ದಿದರು.

"ಆ ಡಾಕ್ಟ್ರಮ್ಮ ಕೇಳ್ದಾಗ ನಾನೂ ಅಲ್ಲೇ ಕುಂತಿದ್ನಲ್ಲ. ಐದಡಿ ಅಂದೆ ನೀನು. ಇಲ್ಲ ಕಣ್ ತಾಯಿ ಅಂದ್ರೆ ನಾಕ್ ಜನ್ರ ಮುಂದೆ ಸೊಸೆ ಮರ್ವಾದಿ ಓಯ್ತದಲ್ಲ ಅಂತ ಬಾಯ್ ಮುಚ್ಕಂಡ್ ಕುಂತಿದ್ದೆ. ಎತ್ರದ್ ಲೆಕ್ಕ ಎರಿಗೆಗೂ ಬೇಕಾಯ್ತದೆ ಅಂತ ನಂಗೇನ್ ಗೊತ್ತವ್ವ."

ಬಚ್ಚಲ ಹೊಸ್ತಿಲಲ್ಲೇ ಕುಸಿದು ಕೂತೆ. ಗೋಳೋ ಎಂದು ಅತ್ತುಬಿಟ್ಟೆ. ನಾನು ಯಾರಿಗೆ ಹೆದರಿ ಸುಳ್ಳು ಹೇಳಿದ್ದೆನೋ ಅವರಿಗೆ ಮೊದಲಿಂದಲೂ ಗೊತ್ತಿತ್ತು. ನಾನು ಅವ್ವನ ಮರ್ಯಾದೆ ಕಾಯ್ದೆ. ಅತ್ತೆ ನನ್ನ ಮರ್ಯಾದೆ ಕಾಯ್ದರು. ಮಗುವನ್ನು ಕಾಯಲು ಅಲ್ಲಿ ಯಾರೂ ಇರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅತ್ತೆ ಮೊಣಕೈಯಿಂದ ಕಣ್ಣೊರೆಸಿಕೊಂಡು, "ಎದ್ದೇಳು, ನೀರಾರೋಯ್ತದೆ. ಕತ್ ಇಡ್ಕ, ನಾನ್ ಉಯ್ತೀನಿ" ಅಂದರು.

ಹಿಡಿದುಕೊಂಡೆ.